ಹೊರಗಿನವನಿಂದ ಯಾರಿಗೆ ಬಲ?

ದಲಿತ ವಿಮರ್ಶೆಯ ವಿಶೇಷ ಸಂಚಿಕೆಯಲ್ಲಿ ಅಂತರಿಕ್ಷದ ಟಿ.ವಿ. ಧಾರಾವಾಹಿಗಳ ಮಾತು ಯಾಕೆ ಎಂದು ಕೇಳುವ ಗೆಳೆಯರಿದ್ದಾರೆ. ಕೂಲಿ, ಭೂಮಿ, ಮೀಸಲಾತಿ, ದೌರ್ಜನ್ಯದ ಪ್ರಶ್ನೆಗಳು ಕಣ್ಣೆದುರಿಗೇ ಇರುವಾಗ ಇದು ಹೊಟ್ಟೆ ತುಂಬಿದವರ ಚರ್ಚೆ ಎಂಬ ಅನುಮಾನ ಅವರದು. ಅನುಮಾನ ನ್ಯಾಯವಾದದ್ದೇ. ಆದರೆ ನಮ್ಮ ಹುಡುಗರು ಓದುವುದಕ್ಕಿಂತ ನೋಡುವುದು ಹೆಚ್ಚು. 'ಹೊರಗಿನವ' ಅಂದರೆ ಯಾರು, ಅವನ ಜೊತೆ ಒಳಗಿನವರು ಹೇಗೆ ನಡೆದುಕೊಳ್ಳಬೇಕು ಎಂಬ ಪಾಠ ಹೇಳುವುದರಲ್ಲಿ ಈ ಪರದೆಯ ಪಾಲು ದೊಡ್ಡದು. ಆ ಪಾಠವನ್ನು ಒರೆಗೆ ಹಚ್ಚದೆ ಬಿಟ್ಟರೆ ನಷ್ಟ ನಮಗೇ.

ಪ್ರಶ್ನೆ ಇಷ್ಟು: ವಿಜ್ಞಾನ ಕಥೆಯ ಧಾರಾವಾಹಿಯಲ್ಲಿ ಒಬ್ಬ ಹೊರಗಿನವನನ್ನು ತಂದು ಕೂರಿಸಿದರೆ ಅದಕ್ಕೆ ಬಲ ಬರುತ್ತದೆಯೆ? ಬಳ್ಳಾರಿಯಲ್ಲಿ ನಾವು ಕೆಲವರು ಸೇರಿ ನಡೆಸುವ ಗುಂಪಿನಲ್ಲಿ, ಸಿರುಗುಪ್ಪದ ವಿದ್ಯಾರ್ಥಿಗಳ ಜೊತೆ, ಕುರುಗೋಡಿನ ಬಯಲಾಟದ ಗೆಳೆಯರ ಜೊತೆ ಈ ಮಾತು ಹಲವು ಸಲ ಬಂದಿದೆ. ಅಲ್ಲಿ ಕೇಳಿದ್ದನ್ನೂ ನನಗೆ ಕಂಡದ್ದನ್ನೂ ಸೇರಿಸಿ ಬರೆದಿದ್ದೇನೆ.

ಮೊದಲು ಪದದ ಅರ್ಥ. ಅಮೆರಿಕದ ಕಥೆಗಾರನಿಗೆ 'ಹೊರಗಿನವ' ಬಹುಮಟ್ಟಿಗೆ ಒಂದು ರೂಪಕ. ನಮಗೆ ಅದು ವಿಳಾಸ. ಊರು ಒಳಗೆ, ಕೇರಿ ಹೊರಗೆ. ಮುಟ್ಟಾದವಳನ್ನು 'ಹೊರಗಾಗ್ಯಾಳ' ಅನ್ನುವ ನಮ್ಮ ಭಾಷೆಯಲ್ಲಿ ಹೊರಗೆ ಎಂಬ ಮಾತಿಗೇ ಮೈಲಿಗೆ ಅಂಟಿಕೊಂಡಿದೆ. 1927ರಲ್ಲಿ ಬಾಬಾಸಾಹೇಬರು ಆರಂಭಿಸಿದ ಪತ್ರಿಕೆಯ ಹೆಸರು 'ಬಹಿಷ್ಕೃತ ಭಾರತ'. ಹೊರಗಿರುವುದು ಯಾರೋ ಒಬ್ಬನ ವಿಚಿತ್ರ ಸ್ವಭಾವವಲ್ಲ, ಒಂದು ಜನಸಮುದಾಯವನ್ನು ತಂದು ನಿಲ್ಲಿಸಿದ ಜಾಗ ಎಂಬ ತಿಳಿವಳಿಕೆ ಆ ಹೆಸರಿನಲ್ಲೇ ಇದೆ. ಟಿ.ವಿ.ಯ ಹೊರಗಿನವನನ್ನು ಅಳೆಯಲು ನಮ್ಮಲ್ಲಿರುವ ಅಳತೆಗೋಲು ಇದೇ.

ಈ ಚರ್ಚೆಯಲ್ಲಿ ಎಲ್ಲರೂ ಮೊದಲು ಹೆಸರಿಸುವುದು ಸ್ಟಾರ್ ಟ್ರೆಕ್‌ನ ಸ್ಪಾಕ್‌ನನ್ನು. 1966ರಿಂದ 1969ರವರೆಗೆ 79 ಕಂತುಗಳಲ್ಲಿ ಅಮೆರಿಕದಲ್ಲಿ ಬಂದ ಈ ಧಾರಾವಾಹಿಯನ್ನು 1980ರ ದಶಕದಲ್ಲಿ ನಮ್ಮ ದೂರದರ್ಶನವೂ ತೋರಿಸಿತು. ಸ್ಪಾಕ್‌ನ ತಾಯಿ ಭೂಮಿಯವಳು, ತಂದೆ ವಲ್ಕನ್ ಎಂಬ ಗ್ರಹದವನು. ಚೂಪು ಕಿವಿ, ಮೇಲಕ್ಕೆ ಓಡಿದ ಹುಬ್ಬು, ಭಾವನೆಯನ್ನು ಅದುಮಿಟ್ಟು ತರ್ಕ ಹಿಡಿದು ನಡೆಯುವ ಗುಣ. ಇವನಿಂದ ಕಥೆಗೆ ಸಿಕ್ಕ ಬಲ ಮೂರು ಬಗೆಯದು. ಒಂದು, ಒಳಗಿನವರು 'ಇದು ಹೀಗೇ' ಅಂದುಕೊಂಡದ್ದಕ್ಕೆ 'ಯಾಕೆ' ಅನ್ನುವವನೊಬ್ಬ ಸಿಕ್ಕ. ಎರಡು, ವಾರವಾರವೂ ಹೊಸ ಖಳನಾಯಕ ಬೇಕಾಗಲಿಲ್ಲ, ಹಡಗಿನ ಒಳಗೇ ತಿಕ್ಕಾಟ ಹುಟ್ಟಿತು. ಮೂರು, ನೋಡುವವರಲ್ಲಿ ಯಾರು ಹೊರಗಿದ್ದರೋ ಅವರಿಗೊಂದು ಕುರ್ಚಿ ಸಿಕ್ಕಿತು. 1968ರಲ್ಲಿ ಒಂದು ಹುಡುಗಿ, ತಾಯಿ ಕಪ್ಪು ಜನಾಂಗದವಳು, ತಂದೆ ಬಿಳಿಯ, ತನ್ನ ಒಂಟಿತನ ಹೇಳಿಕೊಂಡು ಪತ್ರ ಬರೆದದ್ದು ನಟನಿಗಲ್ಲ, ಸ್ಪಾಕ್‌ಗೆ. ಪಾತ್ರ ಮಾಡಿದ ಲೆನಾರ್ಡ್ ನಿಮೋಯ್ ಒಂದು ಪತ್ರಿಕೆಯಲ್ಲಿ ಅವಳಿಗೆ ದೀರ್ಘವಾಗಿ ಉತ್ತರಿಸಿದರು.

ಈ ಬಲ ಮಾಲೀಕರಿಗೆ ಮೊದಲು ಕಂಡಿರಲಿಲ್ಲ. ಪ್ರಸಾರ ಮಾಡುವ ಎನ್‌ಬಿಸಿ ಕಂಪನಿಗೆ ಆ ಕಿವಿಗಳೇ ಭಯ. ಆರಂಭದ ಪ್ರಚಾರ ಪುಸ್ತಿಕೆಯ ಚಿತ್ರಗಳಲ್ಲಿ ಚೂಪು ಕಿವಿ, ಓರೆ ಹುಬ್ಬುಗಳನ್ನು ಅಳಿಸಿ ತಿದ್ದಿದ್ದರು. ಜನ ಅವನನ್ನು ಮೆಚ್ಚಿದ ಮೇಲೆ ಅದೇ ಕಿವಿ ಧಾರಾವಾಹಿಯ ಗುರುತಾಯಿತು. ಹೆಸರಿನ ಮುಂದಿನ ಅಡ್ಡಹೆಸರು ಮುಚ್ಚಿಟ್ಟು ಬಾಡಿಗೆ ಮನೆ ಹುಡುಕಿದ ನಮ್ಮವರಿಗೆ ಈ ತಿದ್ದಿದ ಕಿವಿಯ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಹಡಗಿನಲ್ಲಿ ಉಹುರಾ ಎಂಬ ಅಧಿಕಾರಿ ಇದ್ದಳು. ಆ ಪಾತ್ರದ ಕಪ್ಪು ನಟಿ ನಿಶೆಲ್ ನಿಕೋಲ್ಸ್ ಮೊದಲ ವರ್ಷದ ಕೊನೆಗೆ ಬಿಟ್ಟು ಹೋಗಲು ಹೊರಟಾಗ ತಡೆದವರು ಮಾರ್ಟಿನ್ ಲೂಥರ್ ಕಿಂಗ್ ಎಂದು ಆಕೆ ಹಲವು ಸಲ ಹೇಳಿದ್ದಾರೆ. ಚಳವಳಿಯ ನಾಯಕನಿಗೆ ಟಿ.ವಿ.ಯ ಒಂದು ಸಣ್ಣ ಪಾತ್ರ ಯಾಕೆ ಮುಖ್ಯವಾಯಿತು? ಆಕೆ ಅಲ್ಲಿ ಅಡಿಗೆಯವಳಲ್ಲ, ಆಯಾ ಅಲ್ಲ. ಬಿಳಿಯರ ಸಮಕ್ಕೆ ಕೂತು ಕೆಲಸ ಮಾಡುವವಳು. ಕಿಂಗ್ ನೋಡಿದ್ದು ಕುರ್ಚಿಯನ್ನು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಹೊಗಳಿಕೆಯಾದೀತು. ಇನ್ನೊಂದು ಮಗ್ಗುಲಿದೆ. ಸ್ಟಾರ್ ಟ್ರೆಕ್‌ನ 1982ರ ಸಿನಿಮಾದಲ್ಲಿ ಸ್ಪಾಕ್ ಸಾಯುತ್ತಾನೆ. ಕ್ಯಾಪ್ಟನ್ ಕಣ್ಣೀರು ತುಂಬಿ ಅವನನ್ನು ಹೊಗಳುವುದು ಹೇಗೆ? ನಾನು ಕಂಡ ಜೀವಗಳಲ್ಲೆಲ್ಲ ಇವನದೇ ಹೆಚ್ಚು ಮನುಷ್ಯತ್ವದ ಜೀವ ಎಂದು. ಅಂದರೆ ವಲ್ಕನ್ನನಿಗೆ ಕೊಟ್ಟ ಕೊನೆಯ ಬಿರುದು, ನೀನು ನಮ್ಮಂಥವನೇ! ಬಳ್ಳಾರಿಯ ಗುಂಪಿನಲ್ಲಿ ಇದನ್ನು ಹೇಳಿದಾಗ ಎಂ.ಎ. ಓದುವ ಹುಡುಗಿಯೊಬ್ಬಳು, "ಸಾರ್, ನಮಗೂ ಅಂತಾರಲ್ಲ, ನಿನ್ನ ನೋಡಿದ್ರ ಎಸ್ಸಿ ಅಂತ ಅನ್ಸಂಗೇ ಇಲ್ಲ ಅಂತ. ಅದು ಇದೇ" ಅಂದಳು. ಮುಂದೆ ವ್ಯಾಖ್ಯಾನ ಬೇಕಾಗಲಿಲ್ಲ.

1987ರಿಂದ 1994ರವರೆಗೆ ಬಂದ ಎರಡನೆಯ ಸ್ಟಾರ್ ಟ್ರೆಕ್‌ನಲ್ಲಿ ಡೇಟಾ ಎಂಬ ಯಂತ್ರಮಾನವನಿದ್ದಾನೆ. ಒಳಗಿನವರಿಗಿಂತ ಬುದ್ಧಿವಂತ, ಬಲಶಾಲಿ. ಏಳು ವರ್ಷವೂ ಅವನ ಆಸೆ ಒಂದೇ, ಮನುಷ್ಯನಾಗುವುದು. ಎಂ.ಎನ್. ಶ್ರೀನಿವಾಸರು ಸಂಸ್ಕೃತೀಕರಣ ಎಂದು ಹೆಸರಿಟ್ಟ ಏಣಿ ಇದು. ಏಣಿಯ ತುದಿಯಲ್ಲಿರುವವರು ಅದನ್ನು ಹಿಡಿದಿರುವವರೆಗೆ ಹತ್ತುವವನು ಹತ್ತುತ್ತಲೇ ಇರಬೇಕು.

ಆದರೆ ಅದೇ ಧಾರಾವಾಹಿಯ 1989ರ 'ದಿ ಮೆಷರ್ ಆಫ್ ಎ ಮ್ಯಾನ್' ಎಂಬ ಕಂತು ಬೇರೆ ಮಾತಾಡುತ್ತದೆ. ಒಬ್ಬ ವಿಜ್ಞಾನಿಗೆ ಡೇಟಾನನ್ನು ಬಿಚ್ಚಿ ಅಂಥವೇ ನೂರಾರು ಮಾಡಬೇಕು. ಡೇಟಾ ಒಲ್ಲೆ ಅಂದು ರಾಜೀನಾಮೆ ಕೊಡುತ್ತಾನೆ. ಅವನು ಇಲಾಖೆಯ ಸ್ವತ್ತು, ಸ್ವತ್ತಿಗೆ ರಾಜೀನಾಮೆ ಕೊಡುವ ಹಕ್ಕಿಲ್ಲ ಎಂಬ ತೀರ್ಮಾನ ಬಂದು ವಿಚಾರಣೆ ನಡೆಯುತ್ತದೆ. ವುಪಿ ಗೋಲ್ಡ್‌ಬರ್ಗ್ ಎಂಬ ಕಪ್ಪು ನಟಿಯ ಪಾತ್ರ ಕ್ಯಾಪ್ಟನ್ನನಿಗೆ ಒಂದು ಮಾತು ಹೊಳೆಯಿಸುತ್ತದೆ: ಬೇರೆಯವರು ಒಲ್ಲದ ಕೊಳಕು ಕೆಲಸ ಮಾಡಲು ಬಳಸಿ ಬಿಸಾಡುವ ಜನ ಎಲ್ಲ ಲೋಕದಲ್ಲೂ ಇದ್ದರು, ಈಗ ಅಂಥದೇ ಒಂದು ಪೀಳಿಗೆಯನ್ನು ತಯಾರಿಸಲು ಹೊರಟಿದ್ದೀರಿ. ಕೊನೆಗೆ ತೀರ್ಪು, ಆಯ್ಕೆ ಡೇಟಾನದು ಎಂದು.

ಈ ಕಂತನ್ನು ಸಿರುಗುಪ್ಪದಲ್ಲಿ ತೋರಿಸಿ ಕನ್ನಡದಲ್ಲಿ ಬಿಡಿಸಿ ಹೇಳಿದಾಗ ಒಬ್ಬ ವಿದ್ಯಾರ್ಥಿ, "ಇವ ಮಷಿನ್ ಅಲ್ಲಣ್ಣ, ಜೀತದಾಳು" ಅಂದ. ಜೀತ ಪದ್ಧತಿ ರದ್ದತಿಯ ಕಾಯ್ದೆ ಬಂದದ್ದು 1976ರಲ್ಲಿ. ಅವನ ಅಜ್ಜ ಅದಕ್ಕೆ ಮುಂಚೆ ಜೀತಕ್ಕಿದ್ದವರು. ಅಲ್ಲೇ ಕೂತಿದ್ದ, ಭತ್ತದ ನಾಟಿಗೆ ಕೂಲಿ ಹೋಗುವ ಒಬ್ಬ ತಾಯಿ ಸುಮ್ಮನಿರಲಿಲ್ಲ. "ಏನ್ರೀ ಸಾರ್, ಮಷಿನ್ನಿಗೆ ಹಕ್ಕು ಕೇಳ್ತೀರಿ? ಕಟಾವು ಮಷಿನ್ ಬಂದು ನಮ್ಮ ಕೂಲಿ ತಿಂದೈತಿ. ಮಷಿನ್ನು ಯಾರದು, ಅದನ್ನ ಮೊದ್ಲು ಕೇಳ್ರಿ" ಅಂದರು. ತುಂಗಭದ್ರಾ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆಯ ವಿಮರ್ಶೆ ಇದು. ಇಬ್ಬರೂ ಹೇಳಿದ್ದು ಒಂದೇ. ಹೊರಗಿನವನ ಮನಸ್ಸು ಎಷ್ಟು ಸೂಕ್ಷ್ಮ ಅನ್ನುವುದು ಆಮೇಲಿನ ಮಾತು. ಅವನ ದುಡಿಮೆಯ ಒಡೆಯ ಯಾರು ಎಂದು ಕೇಳಿದ ಕಂತಿಗೇ ನಿಜವಾದ ಬಲ.

ನಮ್ಮ ದೇಶದ ವಿಜ್ಞಾನ ಧಾರಾವಾಹಿಗಳು ಈ ಪ್ರಶ್ನೆಯ ಹತ್ತಿರ ಸುಳಿಯಲೇ ಇಲ್ಲ. ದೂರದರ್ಶನದಲ್ಲಿ 1980ರ ದಶಕದಲ್ಲಿ 'ಸ್ಪೇಸ್ ಸಿಟಿ ಸಿಗ್ಮಾ' ಬಂತು, 1998ರಲ್ಲಿ 'ಕ್ಯಾಪ್ಟನ್ ವ್ಯೋಮ್' ಬಂತು. ಅಲ್ಲಿ ಹೊರಗಿನವನೆಂದರೆ ಸೋಲಿಸಬೇಕಾದ ಶತ್ರು, ಹಿಡಿದು ತರಬೇಕಾದ ಕೈದಿ. ಅಂತರಿಕ್ಷದಲ್ಲಿ ನಗರ ಕಟ್ಟಿದವರು ಆ ನಗರದ ಕಸ ಬಳಿಯುವವರು ಯಾರು ಎಂದು ಯೋಚಿಸಿದ ಹಾಗೆ ಕಾಣುವುದಿಲ್ಲ. ಜಾತಿಯ ಹೆಸರೆತ್ತದಿದ್ದರೆ ಜಾತಿ ಹೋಯಿತು ಎಂಬ ಹಳೆಯ ಭ್ರಮೆ ರಾಕೆಟ್ ಹತ್ತಿ ಮೇಲಕ್ಕೆ ಹೋಗಿದೆ ಅಷ್ಟೆ. ಕನ್ನಡದಲ್ಲಿ ವಿಜ್ಞಾನದ ಹುಡುಕಾಟವನ್ನೇ ಕಥೆ ಮಾಡಿದ ತೇಜಸ್ವಿಯವರ 'ಕರ್ವಾಲೋ' (1980) ಇದಕ್ಕಿಂತ ಎಷ್ಟೋ ಮುಂದಿದೆ. ಊರವರು ಕಡೆಗಣಿಸಿದ ಮಂದಣ್ಣನ ಅರಿವಿಲ್ಲದೆ ಅಲ್ಲಿ ವಿಜ್ಞಾನಿ ಒಂದು ಹೆಜ್ಜೆ ಇಡಲಾರ. ಆದರೂ ಕಥೆ ಹೇಳುವ 'ನಾನು' ಮಂದಣ್ಣನಲ್ಲ, ತೋಟದ ಯಜಮಾನ.

ಇಲ್ಲಿಂದ ಮುಂದಿನ ಪ್ರಶ್ನೆ: ಬರೆಯುವ ಕೋಣೆಯಲ್ಲಿ ಯಾರಿದ್ದಾರೆ? 'ಡೀಪ್ ಸ್ಪೇಸ್ ನೈನ್' ಎಂಬ ಮೂರನೆಯ ಸ್ಟಾರ್ ಟ್ರೆಕ್‌ನಲ್ಲಿ ನಿಲ್ದಾಣದ ನಾಯಕನೇ ಕಪ್ಪು ಜನಾಂಗದವನು. 1998ರ ಒಂದು ಕಂತಿನಲ್ಲಿ ಅವನು ತನ್ನನ್ನು 1953ರ ನ್ಯೂಯಾರ್ಕ್‌ನ ವಿಜ್ಞಾನ ಕಥೆಗಾರನಾಗಿ ಕಾಣುತ್ತಾನೆ. ಓದುಗರಿಗೆಂದು ಲೇಖಕರ ಫೋಟೋ ತೆಗೆಯುವ ದಿನ ಅವನೂ ಒಬ್ಬ ಮಹಿಳೆಯೂ ಕಚೇರಿಗೆ ಬರಕೂಡದು. ಕಪ್ಪು ನಾಯಕನ ಕಥೆ ಬರೆದರೆ, ಇದೆಲ್ಲ ಕನಸು ಅಂತ ಮುಗಿಸು, ಹಾಕೋಣ ಅನ್ನುತ್ತಾರೆ. ಹಾಗೆ ಬರೆದುಕೊಟ್ಟರೂ ಮಾಲೀಕ ಆ ತಿಂಗಳ ಸಂಚಿಕೆಯನ್ನೇ ನಾಶ ಮಾಡಿಸಿ ಅವನನ್ನು ಕೆಲಸದಿಂದ ತೆಗೆಯುತ್ತಾನೆ. ಈ ಕಂತಿನ ನಿರ್ದೇಶಕರು ಆ ಪಾತ್ರ ಮಾಡಿದ ಏವರಿ ಬ್ರೂಕ್ಸ್ ಅವರೇ. ಹೊರಗಿನವನು ಪಾತ್ರವಾಗುವುದಕ್ಕೂ ಪಾತ್ರವನ್ನು ನಡೆಸುವ ಕೈಯಾಗುವುದಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ.

ಪರದೆಯ ಹಿಂದಿನ ಕೈ ಅಂದಾಗ ಕುರುಗೋಡಿನ ಹಿರಿಯ ಕಲಾವಿದರೊಬ್ಬರು ತೊಗಲುಗೊಂಬೆಯ ಕಿಳ್ಳೇಕ್ಯಾತನನ್ನು ನೆನಪಿಸಿದರು. ರಾಮಾಯಣ ನಡೆಯುತ್ತಿರುತ್ತದೆ, ರಾಮ ರಾವಣರು ಪದ ಹಾಡುತ್ತಿರುತ್ತಾರೆ. ನಡುವೆ ಕಪ್ಪಗಿನ ಕಿಳ್ಳೇಕ್ಯಾತ, ಅವನ ಹಿಂದೆ ಬಂಗಾರಕ್ಕ ಬಂದು ಆಡುಮಾತಿನಲ್ಲಿ ದೊಡ್ಡವರ ಮರ್ಯಾದೆ ತೆಗೆಯುತ್ತಾರೆ. ಜನ ಎದ್ದು ಕೂರುವುದೇ ಆಗ. "ತಮ್ಮಾ, ಅವ್ನಿಲ್ದಿದ್ರ ಆಟ ಬೆಳತನ ನಿಲ್ಲಂಗಿಲ್ಲ" ಅಂದರು. ಈ ಹೊರಗಿನವನನ್ನು ಆಡಿಸುವವರು ಅವನ ಹೆಸರನ್ನೇ ಹೊತ್ತ ಅಲೆಮಾರಿ ಸಮುದಾಯದವರು, ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ಸಿಳ್ಳೇಕ್ಯಾತರು. ಪಾತ್ರವೂ ಅವರದು, ಕೈಯೂ ಅವರದು. ಅದಕ್ಕೇ ಆ ನಗೆಗೆ ಅಷ್ಟು ಹರಿತ. ಆದರೆ ಹಿರಿಯರು ಮುಂದಿನ ಮಾತನ್ನೂ ಆಡಿದರು: "ರಾತ್ರಿ ನಕ್ಕ ಊರು ಬೆಳಗ್ಗೆ ಅವ್ರನ್ನ ಒಳಗ ಕರೀತಿತ್ತೇನು?" ಆಟಕ್ಕೆ ಬಲ ಬಂತು, ಆಡಿಸಿದವನು ಹೊರಗೇ ಉಳಿದ.

ಹಾಗಾಗಿ ಹೊರಗಿನವನಿಂದ ಧಾರಾವಾಹಿಗೆ ಬಲ ಬರುತ್ತದೆಯೆ ಎಂಬುದಕ್ಕೆ ನನ್ನ ಉತ್ತರ: ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಾವು ಅಲ್ಲಿಗೇ ತೃಪ್ತರಾಗಬಾರದು. ಮೂರು ಪ್ರಶ್ನೆ ಕೇಳಬೇಕು. ಈ ಹೊರಗಿನವನಿಗೆ ತನ್ನದೇ ಕೇರಿ ಇದೆಯೆ, ತನ್ನ ಜನ, ತನ್ನ ಮಾತು, ತನ್ನ ನೆನಪು ಇದೆಯೆ? ಇಲ್ಲ, ನಾಯಕನನ್ನು ಒಳ್ಳೆಯವನನ್ನಾಗಿ ಮಾಡಲು ಒಂಟಿಯಾಗಿ ತಂದು ನಿಲ್ಲಿಸಿದ್ದಾರೆಯೆ? ಅವನು 'ಒಲ್ಲೆ' ಅನ್ನಬಲ್ಲನೆ, ಅಂದಾಗ ಬದಲಾಗುವುದು ಅವನೋ ಒಳಗಿನವರ ಕಟ್ಟಳೆಯೋ? ಅವನನ್ನು ಬರೆಯುವ, ತೋರಿಸುವ ಕೈಗಳಲ್ಲಿ ಹೊರಗಿನವರ ಕೈ ಎಷ್ಟು? ಸ್ಪಾಕ್‌ಗೆ ಮೊದಲನೆಯದರಲ್ಲಿ ಅರ್ಧ ಅಂಕ ಕೊಡಬಹುದು. ಡೇಟಾ ಒಂದು ಕಂತಿನಲ್ಲಿ ಎರಡನೆಯದನ್ನು ಗೆಲ್ಲುತ್ತಾನೆ. ಮೂರನೆಯದರಲ್ಲಿ ಬಹಳಷ್ಟು ಧಾರಾವಾಹಿಗಳು ನಪಾಸು.

ನಮ್ಮಲ್ಲಿ ಕಥೆ ಬರೆಯುವ ಹುಡುಗ ಹುಡುಗಿಯರು ಈಗ ಧಾರಾವಾಹಿ, ಕಿರುಚಿತ್ರಗಳ ಕಡೆ ಹೊರಟಿದ್ದಾರೆ. ನೋವಿನ ಕಥೆ ಮಾತ್ರ ನಿಮ್ಮದು, ನಾಳೆಯ ಕಥೆ ನಮ್ಮದು ಎಂದು ಯಾರೂ ಅವರಿಗೆ ಹೇಳಬಾರದು. ನಾಳೆಯ ಊರಿನಲ್ಲಿ ನೀರಿನ ತೊಟ್ಟಿ ಎಲ್ಲಿರುತ್ತದೆ, ಮಲದ ಗುಂಡಿಗೆ ಇಳಿಯುವವರು ಯಾರು, ಮಷಿನ್ನಿನ ಒಡೆಯ ಯಾರು ಎಂದು ಬರೆಯಲು ಕೇರಿಯಲ್ಲಿ ಬೆಳೆದವರಿಗಿಂತ ತಿಳಿದವರು ಸಿಗಲಾರರು. ಬರೆಯಲಿ. ಬರೆದದ್ದನ್ನು ಹಾಸ್ಟೆಲುಗಳಲ್ಲಿ ಓದಿ, ಸಿರುಗುಪ್ಪದ ಆ ತಾಯಿಯಂಥವರ ಮುಂದಿಟ್ಟು ಜಗಳವಾಡೋಣ.