ರೋಮನ್ನರಿಗೆ ಕ್ರೈಸ್ತರ ಮೇಲೇಕೆ ಸಿಟ್ಟು?

ಪ್ರಶ್ನೆ: ಅಷ್ಟೊಂದು ದೇವರುಗಳನ್ನು ಪೂಜಿಸುತ್ತಿದ್ದ ರೋಮನ್ನರು ಕ್ರೈಸ್ತರನ್ನೇಕೆ ಸಹಿಸಲಿಲ್ಲ?

ಉತ್ತರ: ಕ್ರಿಸ್ತನ ಪೂಜೆಗಿಂತ, ಉಳಿದ ದೇವರುಗಳನ್ನು ತಿರಸ್ಕರಿಸಿದ್ದೇ ಅವರನ್ನು ಕೆರಳಿಸಿತು. ದೇವತೆಗಳು ಮುನಿದರೆ ರಾಜ್ಯಕ್ಕೇ ಕೇಡೆಂದು ರೋಮನ್ನರು ನಂಬಿದ್ದರು. ಕ್ರಿ.ಶ. 112ರ ಸುಮಾರಿಗೆ, ಇಂದಿನ ಟರ್ಕಿಯಲ್ಲಿರುವ ಬಿಥಿನಿಯಾ ಪ್ರಾಂತ್ಯದ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರ ಉಳಿದುಬಂದಿದೆ. ಅದರ ಪ್ರಕಾರ, ಕ್ರೈಸ್ತನೆಂಬ ಆರೋಪ ಹೊತ್ತವನು ಚಕ್ರವರ್ತಿಯ ಪ್ರತಿಮೆಗೆ ಧೂಪ, ದ್ರಾಕ್ಷಾರಸ ಅರ್ಪಿಸಿ ಕ್ರಿಸ್ತನನ್ನು ನಿಂದಿಸಿದರೆ ಬಿಡುಗಡೆ. ಹಟ ಹಿಡಿದರೆ ಮರಣ. ಸತ್ಯ ತಿಳಿಯಲು ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದ್ದನ್ನೂ ಪ್ಲಿನಿ ಬರೆದಿದ್ದಾನೆ. ಓದುವಾಗ ಮನಸ್ಸು ಕಲಕುತ್ತದೆ. ಕ್ರೈಸ್ತರನ್ನು ಹುಡುಕಿ ಹಿಡಿಯಬೇಡ, ಹೆಸರಿಲ್ಲದ ದೂರು ಸ್ವೀಕರಿಸಬೇಡ ಎಂಬುದು ಟ್ರಾಜನನ ಉತ್ತರ. ಕೊನೆಗೆ 313ರಲ್ಲಿ ಚಕ್ರವರ್ತಿಗಳಾದ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಕ್ರೈಸ್ತರಿಗೆ ಪೂಜಾ ಸ್ವಾತಂತ್ರ್ಯ ಕೊಟ್ಟರು. ಕ್ರೈಸ್ತಧರ್ಮ ರಾಜ್ಯದ ಅಧಿಕೃತ ಧರ್ಮವಾಗಿದ್ದು 380ರಲ್ಲಿ, ಚಕ್ರವರ್ತಿ ಥಿಯೊಡೋಸಿಯಸನ ಕಾಲಕ್ಕೆ.