ಸೋತ ಹೃದಯಕ್ಕೆ ನಿಧಾನದ ಅರಿವಳಿಕೆ

ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣ ಶೇ 40ರಿಂದ 50ರಷ್ಟು ಏರುತ್ತದೆ. ಗಟ್ಟಿ ಹೃದಯ ಈ ಹೊರೆಯನ್ನು ತಾಳಿಕೊಳ್ಳುತ್ತದೆ. ಕೆಲವರಲ್ಲಿ ಮಾತ್ರ ದಿನ ತುಂಬುವ ಹೊತ್ತಿಗೆ ಅಥವಾ ಹೆರಿಗೆಯಾದ ನಂತರದ ತಿಂಗಳುಗಳಲ್ಲಿ ಹೃದಯದ ಸ್ನಾಯು ಸಡಿಲಗೊಂಡು ಹಿಗ್ಗುತ್ತದೆ. ಇದೇ ಪೆರಿಪಾರ್ಟಮ್ ಕಾರ್ಡಿಯೊಮಯೋಪತಿ. ಪ್ರತಿ ಬಡಿತಕ್ಕೆ ಎಡ ಹೃತ್ಕುಕ್ಷಿ ಹೊರದೂಡುವ ರಕ್ತದ ಪಾಲು ಶೇ 45ಕ್ಕಿಂತ ಕೆಳಗಿಳಿದಿರುತ್ತದೆ. ಬಿಪಿ ಏರಿದವರಲ್ಲಿ, ಅವಳಿ ಮಕ್ಕಳ ತಾಯಂದಿರಲ್ಲಿ, 30 ದಾಟಿದವರಲ್ಲಿ ಅಪಾಯ ಹೆಚ್ಚು.

ಕಾಲು ಬಾವು, ಏದುಸಿರು, ರಾತ್ರಿ ಕೆಮ್ಮು: ತುಂಬು ಬಸುರಿಗೆ ಇದೆಲ್ಲ ಇದ್ದದ್ದೇ ಎಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ಅಂಗಾತ ಮಲಗಲಾಗದೆ ದಿಂಬಿಗೊರಗಿ ಕೂತೇ ರಾತ್ರಿ ಕಳೆಯುವ ಹೆಣ್ಣುಮಗಳಿಗೆ ಅಂದೇ ಎಕೋ, ಅಂದರೆ ಹೃದಯದ ಸ್ಕ್ಯಾನ್, ಆಗಬೇಕು. ಕಲಬುರಗಿ ಜಿಲ್ಲೆಯ ಕಮಲಾಪುರದಂಥ ಊರಿನವರಿಗೆ ಅದಕ್ಕೆ ಹುಮನಾಬಾದ್ ರಸ್ತೆ ಹಿಡಿದು ಕಲಬುರಗಿಗೆ ಬರುವುದೇ ದಾರಿ. ಅಲ್ಲಿ ಜಿಮ್ಸ್ ಆಸ್ಪತ್ರೆಯಿದೆ; ಅದರ ಆವರಣದಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಗಿದೆ. ಹೆರಿಗೆ ತಜ್ಞರು, ಹೃದ್ರೋಗ ತಜ್ಞರು, ಅರಿವಳಿಕೆ ತಜ್ಞರು ಮೂವರೂ ಕೈಗೆಟುಕುವ ಕಡೆಯೇ ಇಂಥ ಹೆರಿಗೆ ಆಗಬೇಕು. ನೋವು ಶುರುವಾದ ಮೇಲೆ ಹೊರಡುವುದು ತೀರಾ ತಡ.

ಸಿಸೇರಿಯನ್ ಅನಿವಾರ್ಯವಾದರೆ ನಿಜವಾದ ಪರೀಕ್ಷೆ ಅರಿವಳಿಕೆಯದ್ದು. ಎಲ್ಲೆಡೆ ಕೊಡುವ ಸ್ಪೈನಲ್, ಅಂದರೆ ಬೆನ್ನಿಗೆ ಒಮ್ಮೆಗೇ ಕೊಡುವ ಇಂಜೆಕ್ಷನ್, ಕೆಲವೇ ನಿಮಿಷಗಳಲ್ಲಿ ರಕ್ತನಾಳಗಳನ್ನು ಸಡಿಲಿಸಿ ಬಿಪಿಯನ್ನು ದಿಢೀರನೆ ಇಳಿಸುತ್ತದೆ. ಸೋತ ಹೃದಯ ಆ ಪೆಟ್ಟು ತಾಳದು. ಪೂರ್ಣ ಪ್ರಜ್ಞೆ ತಪ್ಪಿಸಿದರೆ ಬೇರೆ ತೊಡಕು: ಹಲವು ಔಷಧಗಳು ಹೃದಯದ ಬಲವನ್ನೇ ಕುಗ್ಗಿಸುತ್ತವೆ, ಗಂಟಲಿಗೆ ನಳಿಕೆ ಇಳಿಸುವಾಗ ಬಿಪಿ ಜಿಗಿಯುತ್ತದೆ.

ಹಾಗಾಗಿ ಸಮಯವಿದ್ದರೆ ಎಪಿಡ್ಯೂರಲ್ ಮೇಲು. ಬೆನ್ನಿನಲ್ಲಿ ಕೂದಲೆಳೆಯಂಥ ನಳಿಕೆ ಇರಿಸಿ, ಕೆಲವೇ ಮಿ.ಲೀ. ಔಷಧ ಬಿಟ್ಟು, ಬಿಪಿ ನೋಡಿ, ಮತ್ತೆ ಕೆಲವು ಮಿ.ಲೀ. ಬಿಡಲಾಗುತ್ತದೆ. ರಕ್ತನಾಳಗಳು ಹೀಗೆ ಮೆಲ್ಲಗೆ ಸಡಿಲಗೊಂಡರೆ ಹೃದಯದ ಹೊರೆಯೂ ಇಳಿಯುತ್ತದೆ. ಅತಿ ಕಡಿಮೆ ಸ್ಪೈನಲ್ ಔಷಧದ ಜೊತೆ ಎಪಿಡ್ಯೂರಲ್ ಸೇರಿಸುವುದೂ ಉಂಟು. ಮಣಿಕಟ್ಟಿನ ಅಪಧಮನಿಗೆ ಸೂಜಿ ಹಾಕಿ ಪ್ರತಿ ಬಡಿತದ ಬಿಪಿ ಕಾಯುತ್ತಾರೆ. ಸಲೈನನ್ನು ಅಳೆದು ಕೊಡುತ್ತಾರೆ. ರಕ್ತ ತೆಳುವಾಗಿಸುವ ಹೆಪಾರಿನ್ ಮಾದರಿಯ ಇಂಜೆಕ್ಷನ್ ನಡೆಯುತ್ತಿದ್ದರೆ ಪ್ರಮಾಣಕ್ಕೆ ತಕ್ಕಂತೆ 12ರಿಂದ 24 ಗಂಟೆ ಬಿಡದೆ ಬೆನ್ನಿಗೆ ಸೂಜಿ ಹಾಕುವಂತಿಲ್ಲ. ಮಲಗಲೂ ಆಗದಷ್ಟು ಏದುಸಿರಿದ್ದರೆ ಪೂರ್ಣ ಅರಿವಳಿಕೆಯೇ ಗತಿ.

ಮಗು ಹೊರಬಂದ ಕೂಡಲೇ ಎಲ್ಲ ಮುಗಿಯಿತು ಎನ್ನಲಾಗದು. ಕುಗ್ಗುವ ಗರ್ಭಕೋಶ ಸುಮಾರು ಅರ್ಧ ಲೀಟರ್ ರಕ್ತವನ್ನು ಒಮ್ಮೆಲೇ ಹೃದಯದತ್ತ ತಳ್ಳುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬುವ ಗಂಡಾಂತರ ಆಗಲೇ. ಆಕ್ಸಿಟೋಸಿನ್ ಅನ್ನು ನಿಧಾನವಾಗಿಯೇ ಹರಿಸಬೇಕು, ಬಿಪಿ ಏರಿಸುವ ಮೀಥೈಲ್ ಎರ್ಗೊಮೆಟ್ರಿನ್ ತಪ್ಪಿಸಬೇಕು. ನಂತರದ ಒಂದೆರಡು ದಿನ ಐಸಿಯುನಲ್ಲೇ ಕಾಯುವುದು ಕ್ಷೇಮ.

ಸರಿಯಾದ ಚಿಕಿತ್ಸೆ ಸಿಕ್ಕರೆ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ತಾಯಂದಿರ ಹೃದಯ ಕೆಲವು ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ಚೇತರಿಸಿಕೊಳ್ಳದವರು ಮತ್ತೆ ಗರ್ಭ ಧರಿಸಬಾರದೆಂಬುದು ವೈದ್ಯರ ಖಚಿತ ಸಲಹೆ. ಚೇತರಿಸಿಕೊಂಡವರೂ ಎಕೋ ಮಾಡಿಸಿ, ಹೃದ್ರೋಗ ತಜ್ಞರನ್ನು ಕಂಡ ಮೇಲೆಯೇ ಮುಂದಿನ ಮಗುವಿನ ವಿಚಾರ ಮಾಡಬೇಕು.