ಎಲ್ಲರೂ ನಗುವಾಗ ನಗದವರು

ಮಡಿಕೇರಿ ದಸರಾ ರಾತ್ರಿ ಅಂದರೆ ಬಿಟ್ಟಂಗಾಲದಿಂದ ಹೊರಡೋ ನಮಗೆಲ್ಲ ಹತ್ತು ಮಂಟಪಗಳದ್ದೇ ಧ್ಯಾನ. ಈಗೀಗ ನನ್ನ ಕಣ್ಣು ಮಂಟಪದ ಹಿಂದೆ ನಿದ್ದೆಗೆಟ್ಟು ಜನರೇಟರ್ ಕಾಯುವ ಹುಡುಗರ ಕಡೆಗೂ ಹೋಗುತ್ತೆ. ಅದಕ್ಕೆ ಕಾರಣ ಒಂದು ಎಚಿಂಗ್: ಲಂಡನ್ನಿನ ವಿಲಿಯಂ ಹೊಗಾರ್ತ್ 1733ರಲ್ಲಿ ಮಾಡಿದ ‘ದ ಲಾಫಿಂಗ್ ಆಡಿಯನ್ಸ್’.

ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಲ್ಲಿ ಗೀರಿ, ಗೀರಿದಲ್ಲಿ ಆಸಿಡ್ ಕೊರೆಯಲು ಬಿಟ್ಟು, ಮಸಿ ತುಂಬಿ ಕಾಗದಕ್ಕೆ ಒತ್ತುವ ಕೆಲಸ ಇದು. ಫೋನಿನಲ್ಲಿ ಸಿಗುತ್ತೆ, ಹಿಗ್ಗಿಸಿ ನೋಡಿ. ನಾಟಕ ಕಾಣಲ್ಲ, ಬರೀ ಮಂದಿ! ಮೇಲಿನ ಬಾಕ್ಸಿನಲ್ಲಿ ಇಬ್ಬರು ಶೋಕಿಲಾಲರಿಗೆ ಹೆಂಗಸರ ಮೇಲೇ ಕಣ್ಣು. ಕಿತ್ತಳೆ ಮಾರುವವಳೊಬ್ಬಳು ಒಬ್ಬನ ತೋಳು ಜಗ್ಗುತ್ತಿದ್ದಾಳೆ. (ಕಿತ್ತಳೆ ಕಂಡರೆ ಕೊಡಗಿನವರು ಸುಮ್ಮನೆ ದಾಟಿ ಹೋಗ್ತೀವಾ?) ನಡುವಿನ ಸಾಲುಗಳು ಬಾಯ್ಬಿಟ್ಟು ನಗುತ್ತಿವೆ, ಮುಖ ಗಂಟಿಕ್ಕಿದ ಒಬ್ಬನನ್ನು ಬಿಟ್ಟು. ಕೆಳಗೆ, ಮೊಳೆಗಂಬಿಯ ಆಚೆ, ವಾದ್ಯದವರು. ಅವರಿಗೆ ನಗಲು ಪುರುಸೊತ್ತಿಲ್ಲ, ಅದು ಅವರ ಡ್ಯೂಟಿ.

ಇದು ಹೊಗಾರ್ತ್‌ನಿಗೂ ಹೊಟ್ಟೆಪಾಡೇ. ‘ಸದರ್ಕ್ ಫೇರ್’ ಎಂಬ ಜಾತ್ರೆಯ ಚಿತ್ರ, ‘ಎ ರೇಕ್ಸ್ ಪ್ರೋಗ್ರೆಸ್’ ಸರಣಿಗೆ ಮುಂಗಡ ಕಟ್ಟಿದವರಿಗೆ ಅವನು ಕೊಟ್ಟ ರಸೀದಿ ಇದು. ಆಗ ಅಂಗಡಿಯವರು ಚಿತ್ರ ಕದ್ದು ಅಚ್ಚು ಹಾಕಿ ಅಗ್ಗಕ್ಕೆ ಮಾರುತ್ತಿದ್ದರು. ಅವನು ಬೇರೆ ಕಲಾವಿದರ ಜೊತೆ ಸೇರಿ ಪಾರ್ಲಿಮೆಂಟಿಗೆ ಅರ್ಜಿ ಹಾಕಿದ. 1735ರಲ್ಲಿ ಕಾನೂನು ಬಂತು, ಅಚ್ಚುಚಿತ್ರಕ್ಕೆ 14 ವರ್ಷ ಹಕ್ಕು. ಅದು ಜಾರಿಯಾಗುವವರೆಗೆ ಸರಣಿಯನ್ನು ಅವನು ತಡೆದೇ ಇಟ್ಟಿದ್ದ.